ಅರ್ಧ ಸೆಕೆಂಡಿನ ಸುತ್ತಿಗೆ

ಗಾಜಿನ ಗೋಡೆಯ ಆಚೆ ಒಬ್ಬ ಗಟ್ಟಿಮುಟ್ಟಾದ ಆಳು ಎರಡೂ ಕೈಗಳನ್ನು ತಲೆಯ ಮೇಲೆತ್ತಿಕೊಂಡು ನಿಂತಿದ್ದ. ಕೈಯಲ್ಲಿ ಏನೂ ಇರಲಿಲ್ಲ. ಆದರೂ ತೋಳಿನ ನರಗಳು ಉಬ್ಬಿದ್ದವು. ಬೆರಳ ತುದಿಯಿಂದ ಭುಜದವರೆಗೆ ಅವನಿಗೆ ಕಪ್ಪು ಬಟ್ಟೆಯ ತೋಳುಚೀಲ ಬಿಗಿದಿದ್ದರು. ಎದುರಿನ ತೆರೆಯ ಮೇಲೆ ಒಬ್ಬ ದೈತ್ಯ ಅವನ ಹಾಗೆಯೇ ಕೈಯೆತ್ತಿದ್ದ. ದೈತ್ಯನ ಕೈಯಲ್ಲಿ ಸುತ್ತಿಗೆ. ಕಾಲ ಬಳಿ ದೀಪ ಹಿಡಿದು ಕುಳಿತ ಒಬ್ಬ ಕುಳ್ಳ. ಆಳು ಹಲ್ಲು ಕಚ್ಚಿದ, ಬೆನ್ನು ಬಗ್ಗಿಸಿದ, ಮೈಯೆಲ್ಲ ಬೆವೆತ. ಸುತ್ತಿಗೆ ಇಳಿಯಲಿಲ್ಲ.

"ನನ್ನ ಕೈ ನನ್ನ ಮಾತ ಕೇಳವಲ್ದು," ಎಂಬ ಅವನ ಧ್ವನಿ ಸ್ಪೀಕರಿನಲ್ಲಿ ಕೇಳಿಸಿತು. "ಯಾರೋ ಮ್ಯಾಲಿಂದ ಹಿಡಕೊಂಡಂಗ ಆಗೇತಿ."

ಗಾಜಿನ ಈಚೆ ನಿಂತಿದ್ದ ಯಮನೂರನಿಗೆ ಮಾತ್ರ ಆ ನಿಲುವು ಹೊಸದಲ್ಲ. ಎಡಗಾಲು ಒಂದು ಗೇಣು ಮುಂದೆ, ಬಲಭುಜ ತುಸು ಇಳಿಜಾರು, ಕುತ್ತಿಗೆ ಓರೆ. ಒಂಬತ್ತು ವರ್ಷಗಳ ಹಿಂದೆ ಇಳಕಲ್ಲಿನ ಮಣ್ಣಲ್ಲಿ ಹೂತು ಬಂದಿದ್ದ ಅಣ್ಣ ದ್ಯಾವಪ್ಪ, ಹುಬ್ಬಳ್ಳಿಯ ಒಂದು ವಿಡಿಯೊ ಆಟದ ಕಂಪನಿಯ ತಣ್ಣನೆಯ ಕೋಣೆಯಲ್ಲಿ, ಬೇರೆ ಯಾರದೋ ಮೈಯಲ್ಲಿ ನಿಂತಿದ್ದ.

ಅದು ೨೦೬೨. ಆ ತೋಳುಚೀಲವನ್ನು ಕಂಡುಹಿಡಿದವರು ಶಾರ್ವರಿ ಪಟ್ಟಣಶೆಟ್ಟಿ. ಐವತ್ತು ದಾಟಿದ, ಮೆಲುದನಿಯ ಹೆಂಗಸು. ತಮ್ಮ ಯಂತ್ರಕ್ಕೆ ಅವರು ಇಟ್ಟ ಹೆಸರು ಕೈಗುಣ. ಮನುಷ್ಯ ಏಟು ಹಾಕುವಾಗ ಮಿದುಳಿನಿಂದ ಸ್ನಾಯುವಿಗೆ ಸಣ್ಣ ವಿದ್ಯುತ್ತಿನ ಸಂದೇಶಗಳು ಇಳಿಯುತ್ತವೆ. ಕೆಲವು ಕೈಯನ್ನು ತಳ್ಳುತ್ತವೆ, ಕೆಲವು ತಡೆಯುತ್ತವೆ. ಕೈಗುಣ ಅವೆಲ್ಲವನ್ನೂ, ಜೊತೆಗೆ ಕಣ್ಣು ಹೊರಳುವುದನ್ನೂ ಕಿವಿಗೆ ಬಿದ್ದದ್ದನ್ನೂ ಹಿಡಿದಿಟ್ಟು, ಚೀಲ ತೊಟ್ಟ ಮತ್ತೊಬ್ಬನ ತೋಳಿಗೆ ಇಳಿಸುತ್ತಿತ್ತು. ಹಾಗಾಗಿ ಆಟದ ಆಯುಧಗಳಿಗೆ ತೂಕ ಬಂತು. ತೆರೆಯ ಮೇಲಿನ ಕತ್ತಿ ಬೀಸಿದರೆ ಯಾವುದೋ ಊರಿನ ಕಟುಕನ ಮಣಿಕಟ್ಟು ನಿಮ್ಮ ಮಣಿಕಟ್ಟಿನಲ್ಲಿ ತಿರುಗುತ್ತಿತ್ತು. ಈಟಿ ಎಸೆದರೆ ಮೀನುಗಾರನ ಭುಜ.

ದ್ಯಾವಪ್ಪನ ಕೈ ಹಾಗೆಯೇ ಹೋದದ್ದು. ಕಲ್ಲಿನ ಗಣಿಗೆ ದೊಡ್ಡ ಯಂತ್ರಗಳು ಬಂದು ಎಷ್ಟೋ ಕಾಲವಾಗಿತ್ತು. ಆದರೆ ಯಂತ್ರ ನಿಲ್ಲದ ಇಕ್ಕಟ್ಟಿನ ಅಂಚುಗಳಲ್ಲಿ ಇಬ್ಬಿಬ್ಬರ ಕೈಕೆಲಸ ಉಳಿದಿತ್ತು. ಯಂತ್ರ ಕೆಟ್ಟರೆ ಹುಬ್ಬಳ್ಳಿಯಿಂದ ರಿಪೇರಿಯವನು ಬರಬೇಕು. ಮನುಷ್ಯ ಕೆಟ್ಟರೆ ಪಕ್ಕದ ಓಣಿಯಿಂದ ಇನ್ನೊಬ್ಬ ಬರುತ್ತಾನೆ. ಒಬ್ಬ ಬಂಡೆಯ ಮೇಲೆ ಚಾಣವನ್ನು, ಅಂದರೆ ಕಲ್ಲು ಕೊರೆಯುವ ಉಳಿಯನ್ನು, ಹಿಡಿದು ಕೂರಬೇಕು, ಇನ್ನೊಬ್ಬ ಅದರ ತಲೆಗೆ ಸುತ್ತಿಗೆಯಿಂದ ಹೊಡೆಯಬೇಕು. ಏಟಿಗೊಮ್ಮೆ ಚಾಣ ತುಸು ತಿರುಗಬೇಕು. ಹೊಡೆಯುವವ ದ್ಯಾವಪ್ಪ, ಹಿಡಿಯುವವ ಯಮನೂರ. ಆರನೆಯ ಇಯತ್ತೆಗೆ ಶಾಲೆ ಬಿಟ್ಟ ದಿನದಿಂದ ಯಮನೂರ ಬೇರೆ ಏನನ್ನೂ ಹಿಡಿದಿರಲಿಲ್ಲ. ಒಂದು ದಿನ ಆಟದ ಕಂಪನಿಯವರು ಬಂದು ಅಣ್ಣನ ತೋಳಿಗೆ ಚೀಲ ತೊಡಿಸಿ ಮುನ್ನೂರು ಏಟು ಹಾಕಿಸಿಕೊಂಡು ಹೋದರು. ಒಂದೂವರೆ ವರ್ಷಕ್ಕೆ ಕಲ್ಲಿನ ಧೂಳು ಎದೆಯೊಳಗೆ ಗಟ್ಟಿಯಾಗಿ ದ್ಯಾವಪ್ಪ ಸತ್ತ. ಕೈ ಉಳಿಯಿತು.

ಆ ಕೈ ಸೇರಿದ ಆಟದ ಹೆಸರು 'ಏಳು ಬಾಗಿಲ ಕಾಳಗ'. ಏಳು ಬೇರೆ ಬೇರೆ ಆಟಗಳ ವೀರರನ್ನು ಒಂದೇ ಕೋಟೆಗೆ ತಂದು ಹಾಕಿದ ಕೂಡಾಟ. ಲೋಕಗಳ ನಡುವಿನ ಗೋಡೆ ಬಿರಿದಿದೆ, ಸಾವಿರಗಟ್ಟಲೆ ವೈರಿಗಳು ನುಗ್ಗುತ್ತಿದ್ದಾರೆ, ಕೊಚ್ಚುತ್ತಾ ಬಡಿಯುತ್ತಾ ಬಾಗಿಲಿಂದ ಬಾಗಿಲಿಗೆ ಸಾಗಬೇಕು. ಸಣ್ಣ ಏಟುಗಳನ್ನು ಸರಪಳಿಯ ಹಾಗೆ ಪೋಣಿಸಿದರೆ ದೊಡ್ಡ ಏಟು ಒದಗುತ್ತದೆ; ಕೊಂದಷ್ಟೂ ಆಯುಧ ಬಲಿಯುತ್ತದೆ. ಸುತ್ತಿಗೆಯ ದೈತ್ಯ ಬಂಡೆಮಲ್ಲ ಬಲು ಜನಪ್ರಿಯ. ಅವನ ಏಟಿನಷ್ಟು ಭಾರದ ಏಟು ಇನ್ನೊಂದಿರಲಿಲ್ಲ. ಆದರೆ ಒಂದು ಕೊರತೆ ಇತ್ತು. ಪ್ರತಿ ಏಟಿಗೂ ಮುಂಚೆ ಸುತ್ತಿಗೆ ಅರ್ಧ ಸೆಕೆಂಡು ಮೇಲೆಯೇ ನಿಲ್ಲುತ್ತಿತ್ತು. ಆಟಗಾರರು ಅದನ್ನು ಸೋಮಾರಿ ಸುತ್ತಿಗೆ ಎಂದು ಬೈದುಕೊಂಡೇ ಆಡುತ್ತಿದ್ದರು. ಕಂಪನಿಯ ಪಟ್ಟಿಯಲ್ಲಿ ಅದಕ್ಕೆ 'ತಡ' ಎಂದು ಹೆಸರು. ತಡವನ್ನು ಕತ್ತರಿಸಿ ನೋಡಿದರೆ ಏಟಿನ ಭಾರವೂ ಹೋಗುತ್ತಿತ್ತು. ಆ ಅರ್ಧ ಸೆಕೆಂಡಿನಲ್ಲಿಯೇ ಮೈಯ ಶಕ್ತಿಯೆಲ್ಲ ಒಟ್ಟಾಗುತ್ತಿತ್ತೋ ಏನೋ.

ಈಗ ಬಂದದ್ದು ಅದಕ್ಕಿಂತ ದೊಡ್ಡ ತೊಡಕು. ಕತೆಯ ಹೊಸ ಅಧ್ಯಾಯದಲ್ಲಿ ಬಂಡೆಮಲ್ಲ ತನ್ನ ಜೊತೆಗಾರ ಚಿಮಣಿಯನ್ನು, ಅಂದರೆ ಆ ದೀಪದ ಕುಳ್ಳನನ್ನು, ತಾನೇ ಹೊಡೆದು ಸಾಯಿಸಬೇಕು. ಆಗ ದೀಪದ ಬೆಳಕು ಸುತ್ತಿಗೆಯೊಳಗೆ ಇಳಿದು ಬಲ ಇಮ್ಮಡಿಯಾಗುತ್ತದೆ, ಏಳನೆಯ ಬಾಗಿಲು ಒಡೆಯುತ್ತದೆ. ಆ ಏಟನ್ನು ಆಟಗಾರನೇ ಹಾಕಬೇಕು. ಜನ ಅತ್ತುಬಿಡುತ್ತಾರೆ ಎಂದು ಕತೆ ವಿಭಾಗದ ಮುಖ್ಯಸ್ಥ ಪ್ರೀತಮ್ ಬಸ್ತವಾಡನಿಗೆ ಖಾತ್ರಿಯಿತ್ತು. ಆದರೆ ಹದಿನಾಲ್ಕು ಮಂದಿ ಪರೀಕ್ಷಿಸಿದ್ದರು, ಹದಿನಾಲ್ಕು ಮಂದಿಯ ಕೈಯೂ ಮೇಲೆಯೇ ನಿಂತಿತ್ತು. ಕಾಲ ಬಳಿ ಕುಳಿತ ಮನುಷ್ಯನನ್ನು ಕಂಡರೆ ಆ ಕೈ ಏನನ್ನೋ ಕಾಯುತ್ತಿತ್ತು. ಏನನ್ನು ಎಂದು ಯಾರಿಗೂ ತಿಳಿಯದೆ, ಮುನ್ನೂರು ಏಟಿನ ಹಳೆಯ ದಾಖಲೆಯನ್ನು ಶಾರ್ವರಿ ಮತ್ತೆ ಮತ್ತೆ ಕೇಳಿದರು. ಪ್ರತಿ ಏಟಿನ ಹಿಂದೆಯೂ ಗಾಳಿಯ ಸದ್ದಿನಲ್ಲಿ ಮುಳುಗಿದ ಒಂದು ಸಣ್ಣ ದನಿಯಿತ್ತು. ಅದರ ಜಾಡು ಹಿಡಿದೇ ಅವರು ಯಮನೂರನನ್ನು ಕರೆಸಿದ್ದು.

"ಅದು ನನ್ನ ದನಿರೀ. ಹ್ಞೂಂ ಅಂತೀನ್ರಿ," ಎಂದ ಯಮನೂರ. "ಚಾಣ ತಿರುಗಿಸಿ, ಕೈ ಗಟ್ಟಿ ಮಾಡಿ, ಹ್ಞೂಂ ಅಂದ್ರ ಹೊಡೀತಾನ. ಅನ್ನದಿದ್ರ ಸಂಜಿತನಕ ನಿಂದ್ರತಾನ."

ವೈರಿಗಳ ಮುಂದೆ ಕೈ ಯಾಕೆ ಅರ್ಧ ಸೆಕೆಂಡಿಗೇ ಇಳಿಯುತ್ತದೆ ಎಂದು ಶಾರ್ವರಿ ಕೇಳಿದರು. ಕೆಳಗೆ ಕೂತವರು ಯಾರೂ ಇಲ್ಲ ಅಂತ ನೋಡಿಕೊಳ್ಳಲು ಅಷ್ಟು ಹೊತ್ತು ಬೇಕಲ್ಲ ಎಂದ ಯಮನೂರ. ಅವರು ಬರೆಯುತ್ತಿದ್ದುದನ್ನು ನಿಲ್ಲಿಸಿದರು.

ಬಸ್ತವಾಡ ಕೇಳಿದ್ದು ಸರಳ. ಯಮನೂರ ಚಿಮಣಿಯ ಪರವಾಗಿ ಒಂದೇ ಒಂದು ಸಲ ಹ್ಞೂಂ ಎನ್ನಬೇಕು. ಹಳೆಯ ದನಿಯನ್ನು ಕೇಳಿಸಿ ನೋಡಿಯಾಗಿತ್ತು, ಕೈ ಒಪ್ಪಿರಲಿಲ್ಲ. ದ್ಯಾವಪ್ಪನ ಉಸಿರಿಗೆ ಉತ್ತರವಾಗಿ, ಅದೇ ಗಳಿಗೆಗೆ ಕರೆ ಬರಬೇಕಿತ್ತು. ಹಾಗೆ ಒಮ್ಮೆ ಬಂದ ಕರೆಯನ್ನು ಆ ಕೈ ಮುಂದೆ ಯಾರ ತೋಳಿನಲ್ಲಿದ್ದರೂ ನೆನಪಿಟ್ಟುಕೊಳ್ಳುತ್ತಿತ್ತು. ಹ್ಞೂಂ ಅಂದರೆ ಅಣ್ಣನ ಕೈ ಕಂಪನಿಯಲ್ಲಿ ಉಳಿಯುತ್ತದೆ, ಒಂದು ತೋಳುಚೀಲವನ್ನು ಯಮನೂರ ಮನೆಗೂ ಒಯ್ಯಬಹುದು, ಬೇಕೆಂದಾಗ ತೊಟ್ಟುಕೊಳ್ಳಬಹುದು. ಅನ್ನದಿದ್ದರೆ ತಿಂಗಳ ಕೊನೆಗೆ ಆ ಕೈಯನ್ನು ಅಳಿಸುತ್ತಾರೆ. ಹತ್ತಾರು ಜನರ ಕೈಗಳಿಂದ ತುಣುಕು ತುಣುಕು ಜೋಡಿಸಿದ, ಯಾರದೂ ಅಲ್ಲದ ಹೊಸ ಕೈಯೊಂದು ಆಗಲೇ ತಯಾರಾಗುತ್ತಿತ್ತು.

"ಬರೇ ಆಟರೀ ಅದು. ಯಾರೂ ಸಾಯಂಗಿಲ್ಲ," ಎಂದ ಬಸ್ತವಾಡ.

ಸಾಯುವವರು ಸತ್ತು ಎಷ್ಟೋ ದಿನವಾಗಿದೆ, ನಿಮಗೆ ಬೇಕಾದದ್ದು ಅವರಿಂದ ಇನ್ನೂ ಒಂದು ಪಾಳಿ ಕೆಲಸ, ಎಂದು ಯಮನೂರನಿಗೆ ಹೇಳಬೇಕೆನಿಸಿತು. ಆದರೆ ಮೊದಲು ಅದನ್ನು ನನಗೆ ತೊಡಿಸಿ ಎಂದಷ್ಟೇ ಕೇಳಿದ.

ಚೀಲ ಬಿಗಿದುಕೊಳ್ಳುತ್ತಿದ್ದ ಹಾಗೆ ಅವನ ಬಲಭುಜ ತಾನಾಗಿ ಇಳಿಜಾರಾಯಿತು. ಚೀಲದ ಜೊತೆಗೆ ಕಟ್ಟಿದ ಕಿವಿಯ ಪಟ್ಟಿಯಲ್ಲಿ ಅಣ್ಣನ ಉಸಿರು ಕೇಳಿಸಿತು. ಒಳಗೆ ಹೋಗುವಾಗ ಮರಳಿನ ಮೇಲೆ ಚಕ್ಕಡಿ ಹೋದಂಥ ಸದ್ದು. ಮುನ್ನೂರು ಏಟು ಹಾಕಿಸಿಕೊಂಡ ದಿನವೇ ಎದೆ ಹೀಗಿತ್ತು, ಪಕ್ಕದಲ್ಲೇ ಕುಳಿತ ತನಗೆ ಕೇಳಿಸಿರಲಿಲ್ಲ. ಸುತ್ತಿಗೆಯೆತ್ತಿದ ತೋಳು ತಲೆಯ ಮೇಲೆ ನಿಂತಿತು. ಕುತ್ತಿಗೆ ಓರೆಯಾಯಿತು. ಚೀಲಕ್ಕೆ ಹೊಂದಿದ ಕನ್ನಡಕ ಅವನ ನೋಟವನ್ನು ದ್ಯಾವಪ್ಪ ನೋಡಿದ ಕಡೆಗೆ ಎಳೆಯಿತು. ಮೊದಲು ಕೆಳಗಿನವನ ಹೆಬ್ಬೆರಳಿಗೆ. ಆಮೇಲೆ ಮಣಿಕಟ್ಟಿಗೆ. ಆಮೇಲೆ ಮುಖಕ್ಕೆ.

ಮುಖದ ಮೇಲೆ ನೋಟ ನಿಂತುಬಿಟ್ಟಿತು.

ಯಮನೂರನಿಗೆ ಅದು ಗೊತ್ತಿರಲಿಲ್ಲ. ಹನ್ನೊಂದು ವರ್ಷ ಅವನ ಕಣ್ಣು ಚಾಣದ ತಲೆಯ ಮೇಲೆಯೇ ಇತ್ತು. ಮೇಲಿನವನು ಏನು ನೋಡುತ್ತಾನೆ ಎಂದು ತಲೆಯೆತ್ತಿ ನೋಡಲು ಕೆಳಗಿನವನಿಗೆ ಪುರುಸೊತ್ತಿಲ್ಲ. ಅವನಿಗೆ ಗೊತ್ತಿದ್ದದ್ದು ತಡವೊಂದೇ. ಬೇರೆ ಜೋಡಿಗಳು ದಿನಕ್ಕೆ ನಾಲ್ಕು ಕುಳಿ ಹೊಡೆದರೆ ಇವರದು ಮೂರು. "ಏನಣ್ಣಾ, ಸುತ್ತಿಗಿ ಮ್ಯಾಲೆ ಗುಬ್ಬಿ ಗೂಡು ಕಟ್ಟಾಕ ಹತ್ತೇತೇನು?" ಎಂದು ಎಲ್ಲರೆದುರು ಅವನೇ ಮೂದಲಿಸಿದ್ದ. ಗಣಿಯೆಲ್ಲ ನಕ್ಕಿತ್ತು. ದ್ಯಾವಪ್ಪನೂ ನಕ್ಕಿದ್ದ. ಮರುದಿನವೂ ಅಷ್ಟೇ ತಡ ಮಾಡಿದ್ದ. ಏಟಿಗೊಂದು ಸಲ, ದಿನಕ್ಕೆ ಸಾವಿರ ಸಲ, ಇವನ ಮುಖ ನೋಡುತ್ತಿದ್ದ.

ಈಗ ಅದೇ ಕಣ್ಣು ಚಿಮಣಿಯ ಬಣ್ಣದ ಮುಖವನ್ನು ನೋಡುತ್ತಿತ್ತು. ಉಸಿರು ಒಳಗೆಳೆದು ನಿಂತಿತ್ತು. ಗಾಜಿನ ಆಚೆ ಬಸ್ತವಾಡ, ಶಾರ್ವರಿ, ಇನ್ನೂ ಐದಾರು ಜನ ಕಾಯುತ್ತಿದ್ದರು. ಹ್ಞೂಂ ಎಂಬುದು ಯಮನೂರನ ಗಂಟಲಿನಲ್ಲೇ ಇತ್ತು. ಅಂದುಬಿಟ್ಟರೆ ಅಣ್ಣ ಮನೆಗೆ ಬರುತ್ತಾನೆ. ಈ ಭುಜ, ಈ ಉಸಿರು, ಈ ನೋಟ, ದಿನಾ ಬೇಕಾದರೂ. ಲಕ್ಷ ಜನರ ಮನೆಯಲ್ಲಿ ಅದೇ ಅಣ್ಣ ತನ್ನನ್ನು ನಂಬಿ ಕುಳಿತವನ ತಲೆಯೊಡೆಯುತ್ತಾನೆ. ಹೊಡಿ ಎಂದ ದನಿ ತನ್ನದು.

"ತಡಿ ಅಣ್ಣಾ," ಎಂದ ಯಮನೂರ.

ಚಾಣ ಜಾರಿದರೆ, ಬಂಡೆ ಸೀಳುವ ಸದ್ದು ಕೇಳಿದರೆ ಅವರಿಬ್ಬರಲ್ಲಿ ಆಡುತ್ತಿದ್ದ ಮಾತು ಅದು. ಅದನ್ನು ಕೇಳಿದ ಮೇಲೆ ಹೊಡೆಯುವವ ಸುತ್ತಿಗೆ ಕೆಳಗಿಟ್ಟು ಕೂರಬೇಕು. ಹೇಳಿದ ಬಾಯಿಯೇ ಮತ್ತೆ ಕರೆಯುವವರೆಗೆ ಮುಟ್ಟಬಾರದು. ಯಮನೂರನ ತೋಳುಗಳು ಅವನ ಅಪ್ಪಣೆಗೆ ಕಾಯದೆ ಮೆಲ್ಲನೆ ಇಳಿದವು. ತೆರೆಯ ಮೇಲೆ ಸುತ್ತಿಗೆ ನೆಲ ಮುಟ್ಟಿತು. ಮೊಣಕಾಲು ಬಗ್ಗಿದವು. ಕಿವಿಯಲ್ಲಿ ಉಸಿರು ಹೊರಬಿತ್ತು, ಉದ್ದಕ್ಕೆ. ಒಂದು ಸಣ್ಣ ಕೆಮ್ಮು. ಆಮೇಲೆ ಏನೂ ಇಲ್ಲ.

ಅವನಾದ ಮೇಲೆ ಮೂವರು ಚೀಲ ತೊಟ್ಟು ನೋಡಿದರು. ಯಾರ ಕೈಯೂ ಮೇಲೇಳಲಿಲ್ಲ. ಬಸ್ತವಾಡ ಸಿಟ್ಟಿನಿಂದ ನಗತೊಡಗಿದ. ಒಂದು ಶಬ್ದಕ್ಕೆ ಇಡೀ ವರ್ಷದ ಕೆಲಸ ಮಣ್ಣುಪಾಲಾಯಿತು ಎಂದ. ಯಾರಿಗೋ ಫೋನು ಮಾಡಿ ಹೊಸ ಕೈಯನ್ನೇ ಹಾಕಿ ಎಂದ.

ಗೇಟಿನವರೆಗೆ ಶಾರ್ವರಿ ಜೊತೆಗೆ ಬಂದರು. ಸಂಜೆಗೇ ಅಳಿಸುತ್ತಾರೆ, ನನ್ನ ಕೈಯಲ್ಲಿ ಏನೂ ಇಲ್ಲ ಎಂದರು. ಯಮನೂರ ಗೇಟು ದಾಟಿ ತಿರುಗಿ ನಿಂತ. ಆಮೇಲೆ ಕೇಳಿದ:

"ಮೇಡಮ್ಮರ, ಅವ ನನ್ನ ನೋಡ್ತಿದ್ದ. ಅದನ್ನ ತಡ ಅಂತ ಬರದವರು ಯಾರ್ರಿ?"

"ಯಂತ್ರಕ್ಕ ಎರಡೂ ಒಂದ ಕಾಣತಾವ ಯಮನೂರಪ್ಪ," ಎಂದರು ಅವರು. "ನೋಡೂದೂ ಅಷ್ಟ, ಸುಮ್ಮನ ನಿಂದ್ರೂದೂ ಅಷ್ಟ. ಹೆಸರಿಟ್ಟಾಕಿ ನಾನ."

ಅವನು ಬಸ್ಸು ಹತ್ತಿದ. ಕಿಟಕಿಯ ಪಕ್ಕ ಕುಳಿತು ಎರಡೂ ಅಂಗೈಗಳನ್ನು ತೊಡೆಯ ಮೇಲೆ ಮಲಗಿಸಿಕೊಂಡ. ನವಲಗುಂದ ದಾಟುವವರೆಗೂ ಬಲಭುಜ ಇಳಿಜಾರಾಗಿಯೇ ಇತ್ತು. ಆಮೇಲೆ ಅದೂ ಸರಿಹೋಯಿತು. ಆಗ ಅವನಿಗೆ ಅಳು ಬಂತು.

ಹೊಸ ಅಧ್ಯಾಯ ಹೇಳಿದ ದಿನಕ್ಕೇ ಬಂತು. ಚಿಮಣಿ ಸತ್ತ, ಏಳನೆಯ ಬಾಗಿಲು ಒಡೆಯಿತು, ಜನ ಅತ್ತರು. ಸುತ್ತಿಗೆಯ ಗುಣಪಟ್ಟಿಯಲ್ಲಿ ಬರೆದಿದ್ದರು: ಭಾರ ತೊಂಬತ್ತು, ಬಲ ತೊಂಬತ್ತೈದು, ತಡ ಸೊನ್ನೆ. ಈಗ ಆಡಲು ಎಷ್ಟು ಸರಾಗವಾಗಿದೆ ಎಂದು ಎಲ್ಲರೂ ಹೊಗಳಿದರು. ಹಿಂದಿನ ಸುತ್ತಿಗೆಗೆ ಏನಾಯಿತು ಎಂದು ಒಬ್ಬರೂ ಕೇಳಲಿಲ್ಲ.

ಆ ಹೊಸ ಕೈ ಆಟದಲ್ಲೇ ಉಳಿದಿದ್ದರೆ ಕತೆ ಅಲ್ಲಿಗೆ ಮುಗಿಯುತ್ತಿತ್ತು. ಯಾರದೂ ಅಲ್ಲದ ಕೈ ಎಲ್ಲರಿಗೂ ಬೇಕಾಗುತ್ತದೆ. ಮೂಟೆ ಇಳಿಸುವ ಯಂತ್ರಕ್ಕೆ, ಗಾಡಿಯ ಬ್ರೇಕಿಗೆ, ಆಸ್ಪತ್ರೆಯ ಸೂಜಿಗೆ ಅದನ್ನೇ ಇಳಿಸಿದರು. ಅಂಗಡಿಯಲ್ಲಿ ಯಾವ ಯಂತ್ರ ಕೊಂಡರೂ ಜನ ಮೊದಲು ತಿರುಗಿಸಿ ನೋಡುತ್ತಿದ್ದದ್ದು ಹಿಂಬದಿಯಲ್ಲಿ ಬರೆದ ತಡದ ಅಂಕಿಯನ್ನೇ. ಅದು ಎಷ್ಟು ಚಿಕ್ಕದಿದ್ದರೆ ಅಷ್ಟು ಒಳ್ಳೆಯದೆಂದು ನಮಗೆಲ್ಲ ಬಹಳ ಹಿಂದೆಯೇ ರೂಢಿಯಾಗಿದೆ. ಬೆರಳಿಟ್ಟ ಕೂಡಲೇ ತೆರೆದುಕೊಳ್ಳದ ಫೋನನ್ನು ನಾವು ಬೈಯುತ್ತೇವಲ್ಲ, ಅಲ್ಲಿಂದಲೇ.

ಯಮನೂರ ಈಗ ಇಳಕಲ್ಲಿನ ಒಂದು ಕಾರ್ಖಾನೆಯಲ್ಲಿದ್ದಾನೆ. ಅದೇ ಹೊಸ ಕೈ ಇಳಿಸಿದ ಯಂತ್ರದ ತೋಳು ಕಲ್ಲಿನ ಅಂಚು ಒಡೆಯುತ್ತದೆ. ಕಲ್ಲು ಅಲುಗದ ಹಾಗೆ ಒಬ್ಬ ಮನುಷ್ಯ ಹಿಡಿದಿರಬೇಕು. ಅವನು ಹಿಡಿಯುತ್ತಾನೆ. ಬೆರಳು ಸರಿಮಾಡಿಕೊಂಡು, ಕೈ ಗಟ್ಟಿ ಮಾಡಿ, ಅಭ್ಯಾಸಬಲದಿಂದ ಹ್ಞೂಂ ಎನ್ನಲು ಬಾಯಿ ತೆರೆಯುತ್ತಾನೆ. ಅಷ್ಟರಲ್ಲಿ ಏಟು ಬಿದ್ದಿರುತ್ತದೆ.