ಹದಿನಾಲ್ಕನೇ ಪುಟ

‘ಆ ನಿಲ್ದಾಣವನ್ನು ಕಣ್ಣಾರೆ ಕಂಡವರು ಹೀಗೆ ಬರೆಯುವುದಿಲ್ಲ.’

ಆನ್‌ಲೈನ್ ಕ್ಲಾಸಿನ ಚರ್ಚಾಪುಟದಲ್ಲಿ ಬೆಂಕಿ ಬಿದ್ದರೆ ನಿಲ್ದಾಣದಿಂದ ಜನ ಬೇಗ ಹೊರಬರಲಾರರು ಎಂಬ ತನ್ನ ಬರಹದ ಕೆಳಗೆ ಸಹಪಾಠಿಯೊಬ್ಬ ಹೀಗೆ ಗೀಚಿದ್ದನ್ನು ಓದಿ ಅವಳಿಗೆ ಮೈ ಉರಿಯಿತು. ಅದೇ ರೈಲು ನಿಲ್ದಾಣದ ಸ್ಕ್ಯಾನರ್ ಮುಂದೆ ಕೂತು ಪ್ರಯಾಣಿಕರ ಬ್ಯಾಗು ನೋಡುತ್ತ ಅವಳು ಒಂಬತ್ತು ವರ್ಷ ಸವೆಸಿದ್ದಳು. ದೇಶದ ಆಂತರಿಕ ಭದ್ರತೆಯ ಬಗ್ಗೆ ವಿಶ್ವವಿದ್ಯಾಲಯವೊಂದು ನಡೆಸುವ ಸರ್ಟಿಫಿಕೇಟ್ ಕೋರ್ಸಿಗೆ ಸೇರಿದಾಗ ಸೂಪರ್‌ವೈಸರ್ ನಕ್ಕಿದ್ದ. ಮೂವತ್ತಮೂರಕ್ಕೆ ಮದುವೆಯ ಯೋಚನೆ ಬಿಟ್ಟು ಪರೀಕ್ಷೆ ಹುಡುಕಿಕೊಂಡು ಹೋಗುವವಳನ್ನು ತಾನೆಲ್ಲೂ ಕಂಡಿಲ್ಲ ಎಂದಿದ್ದಳು ಅಮ್ಮ. ಇಬ್ಬರಿಗೂ ಅವಳು ಸೊಪ್ಪು ಹಾಕಿರಲಿಲ್ಲ. ಇವನ್ಯಾವ ಲೆಕ್ಕ?

‘ದಿನಕ್ಕೆ ಎಂಟು ಗಂಟೆ ಅಲ್ಲೇ ಇರ್ತೀನಿ. ಬಂದು ನೋಡಿ,’ ಎಂದು ಉತ್ತರಿಸಿದಳು.

ಮೂರನೇ ದಿನ ಮಧ್ಯಾಹ್ನ ಅವನು ಬಂದೇ ಬಿಟ್ಟ. ಅಗ್ನಿಶಾಮಕ ದಳದವನು.

“ಬಂದು ನೋಡಿ ಅಂದ್ರಿ, ಬಂದೆ,” ಎಂದವನು ನಿಲ್ದಾಣವನ್ನು ಬಿಟ್ಟು ಅವಳನ್ನೇ ನೋಡುತ್ತಿದ್ದ.

“ಪಕ್ಕಕ್ಕೆ ನಿಂತ್ಕೊಳ್ಳಿ, ಹಿಂದೆ ಕ್ಯೂ ಇದೆ.”

ಅವನ ಕಿವಿ ಕೆಂಪಾದದ್ದನ್ನು ಅವಳು ಗಮನಿಸದೆ ಇರಲಿಲ್ಲ.

ಊಟದ ಬಿಡುವಿನಲ್ಲಿ ಅವನನ್ನು ಪಶ್ಚಿಮದ ಗೇಟಿಗೆ ಕರೆದೊಯ್ದಳು. ಬೆಂಕಿ ಬಿದ್ದರೆ ಆರು ನಿಮಿಷದಲ್ಲಿ ಜನ ಹೊರಗೆ ಬರುತ್ತಾರೆ ಎಂದು ಅವನು ನಕ್ಷೆ ನೋಡಿ ವಾದಿಸಿದ್ದು ಈ ಗೇಟನ್ನು ನಂಬಿ. ಗೇಟಿಗೆ ಸರಪಳಿ, ಬೀಗ; ಅದರ ಮುಂದೆ ಸೂಪರ್‌ವೈಸರ್ ಪೇರಿಸಿಟ್ಟ ಮುರುಕು ಕುರ್ಚಿಗಳು. ಅವನು ಬೀಗವನ್ನು ಎಳೆದು ನೋಡಿದ.

“ತಪ್ಪು ನನ್ನದೇ,” ಎಂದ. ‘ಆದರೆ’ ಎಂಬ ಬಾಲವಿಲ್ಲದೆ ತಪ್ಪೊಪ್ಪಿಕೊಂಡ ಗಂಡಸನ್ನು ಅವಳು ಅಂದೇ ಮೊದಲು ಕಂಡದ್ದು.

ಕೊನೆಯ ವರದಿಯನ್ನು ಇಬ್ಬರೂ ಸೇರಿ ಬರೆಯತೊಡಗಿದರು. ಭಾನುವಾರಗಳಲ್ಲಿ ಗ್ರಂಥಾಲಯದ ಮೇಜು. ಅವಳು ತಲೆ ತಗ್ಗಿಸಿ ಬರೆಯುವಾಗ ನೋಡುತ್ತಾ ಕೂರುವನು, ತಲೆಯೆತ್ತಿದ ಕೂಡಲೇ ನಕ್ಷೆಗೆ ಕಣ್ಣು ನೆಡುವನು.

“ನಕ್ಷೆ ತಲೆಕೆಳಗಾಗಿದೆ,” ಎಂದಳು ಒಮ್ಮೆ. ಅವನು ತಿರುಗಿಸಿಟ್ಟ, ಆಗ ನಿಜಕ್ಕೂ ತಲೆಕೆಳಗಾಯಿತು. ಅವಳು ನಗು ತಡೆಯಲು ತುಟಿ ಕಚ್ಚಿದಳು.

ಒಪ್ಪಿಸುವ ಮೊದಲು ತೋರಿಸುವುದು ನ್ಯಾಯವೆಂದು ವರದಿಯನ್ನು ಸೂಪರ್‌ವೈಸರ್ ಕೈಗಿಟ್ಟಳು. ಬೀಗದ ಗೇಟಿನ ವಿಷಯವಿದ್ದದ್ದು ಹದಿನಾಲ್ಕನೇ ಪುಟದಲ್ಲಿ. ಆ ಪುಟ ತೆಗೆಯದಿದ್ದರೆ ನಿನ್ನನ್ನು ಪಾರ್ಕಿಂಗ್ ಡ್ಯೂಟಿಗೆ ಹಾಕುತ್ತೇನೆ ಎಂದ ಅವನು.

ಅಗ್ನಿಶಾಮಕ ದಳದ ಗೆಳೆಯನೂ ಅದನ್ನೇ ಹೇಳಿದ್ದು ಅವಳಿಗೆ ಚುಚ್ಚಿತು. “ಸದ್ಯಕ್ಕೆ ತೆಗೆದುಬಿಡಿ. ಸರ್ಟಿಫಿಕೇಟ್ ಬಂದ ಮೇಲೆ ಹೇಳೋಣ.”

“ಬೆಂಕಿ ಅಲ್ಲಿವರೆಗೂ ಕಾಯುತ್ತಾ? ಭಯ ಆದ್ರೆ ನಿಮ್ಮ ಹೆಸರು ತೆಗೀರಿ. ಪುಟ ಮಾತ್ರ ಇರುತ್ತೆ.”

ಅಂದೇ ವರದಿ ಒಪ್ಪಿಸಿದಳು. ಎರಡು ಭಾನುವಾರ ಗ್ರಂಥಾಲಯಕ್ಕೆ ಕಾಲಿಡಲಿಲ್ಲ.

ಸೋಮವಾರ ಅಗ್ನಿಶಾಮಕ ಇಲಾಖೆಯ ತಪಾಸಣೆ ತಂಡ ಬಂತು. ಅವರ ಕೈಯಲ್ಲಿದ್ದದ್ದು ಅದೇ ಹದಿನಾಲ್ಕನೇ ಪುಟ, ಕೆಳಗೆ ದೂರುದಾರನಾಗಿ ಅವನ ಸಹಿ. ಸಂಜೆಯೊಳಗೆ ಗೇಟಿನ ಸರಪಳಿ ತುಂಡಾಯಿತು. ಮರುದಿನ ಅವಳಿಗೆ ಪಾರ್ಕಿಂಗ್ ಡ್ಯೂಟಿ ಬಿತ್ತು.

ಬಿಸಿಲಲ್ಲಿ ನಿಂತಿದ್ದಾಗಲೇ ಫೋನಿಗೆ ಸರ್ಟಿಫಿಕೇಟ್ ಬಂತು, ಉನ್ನತ ದರ್ಜೆಯಲ್ಲಿ. ಪ್ರಿಂಟ್ ತೆಗೆಸಿ, ಸೂಪರ್‌ವೈಸರ್ ದಿನಾ ಕಾರು ನಿಲ್ಲಿಸುವ ಕಡೆಗೆ ಮುಖ ಮಾಡಿ ಪಾರ್ಕಿಂಗ್‌ನ ಕಾವಲು ಗೂಡಿನ ಗಾಜಿಗೆ ಅಂಟಿಸಿದಳು.

ಆ ಸಂಜೆ ಗೆಳೆಯ ಬಂದ.

“ಅವತ್ತು ಹೆದರಿದ್ದು ನಿಮಗೋಸ್ಕರ. ನಿಮ್ಮಮ್ಮನ ಹತ್ರ ಬಂದು ಮದುವೆ ಬಗ್ಗೆ ಕೇಳಲಾ?”

“ಅಮ್ಮನ್ನ ಆಮೇಲೆ. ಮೊದಲು ನನ್ನ ಕೇಳಿ.”

ಕೇಳಿದ. ತೊದಲುತ್ತಲೇ ಕೇಳಿದ.

“ಕೆಲಸ ಬಿಡಲ್ಲ. ಮುಂದಿನ ವರ್ಷ ಡಿಪ್ಲೊಮಾ ಮಾಡ್ತೀನಿ. ಇನ್ನೂ ಎಷ್ಟು ಜನರ ಕೆಂಗಣ್ಣಿಗೆ ಬೀಳ್ತೀನೋ ಗೊತ್ತಿಲ್ಲ.”

“ಪಕ್ಕದಲ್ಲೇ ಇರ್ತೀನಿ.”

ಹಿಂದಿನಿಂದ ಕಾರೊಂದು ಹಾರ್ನ್ ಮಾಡಿತು. ಅವಳು ಕೈ ಚಾಚಿ ಅದನ್ನು ತಡೆದು ನಿಲ್ಲಿಸಿ ಅವನತ್ತ ತಿರುಗಿದಳು.

“ಡ್ಯೂಟಿ ಮುಗಿಯೋಕೆ ಹತ್ತು ನಿಮಿಷ ಇದೆ. ನೀನು ಇಲ್ಲೇ ಇರು.”

‘ನೀನು’ ಎಂದುಬಿಟ್ಟದ್ದು ಅರಿವಾಗಿ ಕೆನ್ನೆ ಬಿಸಿಯಾಯಿತು. ಆದರೂ ಅವಳು ತಿದ್ದಿಕೊಳ್ಳಲಿಲ್ಲ.