ಐಸಮ್ಮನವರ ಮನೆಯ ಪ್ಲಗ್ ಪಾಯಿಂಟ್

ಮೂಡುಬಿದಿರೆಯಲ್ಲಿ ನನ್ನದು ವಯರಿಂಗ್ ಕೆಲಸ. ಕಳೆದ ಮಾರ್ಚ್‌ನಲ್ಲಿ ಪುತ್ತಿಗೆಯ ಐಸಮ್ಮನವರು ಕರೆದು, ತೀರಿಹೋದ ಗಂಡನ ಕೋಣೆಯ ಪ್ಲಗ್ ಪಾಯಿಂಟ್ ಬಿಸಿಯಾಗ್ತದೆ ಎಂದರು. ಮಧ್ಯಾಹ್ನ ಹೋಗಿ ಮುಟ್ಟಿದೆ. ಜ್ವರ ಬಂದವರ ಹಣೆಯಷ್ಟು ಬಿಸಿಯಿತ್ತು. ಒಳಗೆ ಯಾರೋ ಕಷ್ಟದಲ್ಲಿ ಉಸಿರೆಳೆದ ಹಾಗೆ ಸಣ್ಣ ಸದ್ದು. ಮೈನ್ ಸ್ವಿಚ್ ಆಫ್ ಮಾಡಿದರೂ ಅದು ನಿಲ್ಲಲಿಲ್ಲ. ಟೆಸ್ಟರ್ ಇಟ್ಟೆ, ಬೆಳಗಿತು.

ಸ್ಕ್ರೂ ಬಿಚ್ಚಿ ಪ್ಲೇಟ್ ತೆಗೆದೆ. ಫೇಸ್ ಇಲ್ಲ, ನ್ಯೂಟ್ರಲ್ ಇಲ್ಲ, ಅರ್ಥಿಂಗ್ ಇಲ್ಲ. ಬಾಕ್ಸ್ ಖಾಲಿ.

"ಇವರ ಆಕ್ಸಿಜನ್ ಮೆಷಿನ್ ಎಂಟು ತಿಂಗಳು ಇದರಲ್ಲೇ ಓಡಿದ್ದು," ಎಂದರು ಐಸಮ್ಮ.

"ಇದರಲ್ಲಿ ವಯರೇ ಇಲ್ಲವಲ್ಲ ಐಸಮ್ಮ! ತೆಗೆದು ಗೋಡೆ ಮುಚ್ಚುವನಾ?"

ಅವರು ನನ್ನ ಕೈ ಹಿಡಿದುಕೊಂಡರು. "ಬೇಡ ಮಗಾ. ಸದ್ದು ಉಂಟಲ್ಲ ಇನ್ನೂ."

ಪ್ಲೇಟ್ ಪುನಃ ಕೂರಿಸಿ ಬಂದೆ. ಆ ಮನೆಗೆ ಮೊದಲು ವಯರಿಂಗ್ ಮಾಡಿದ ಸಂಕಪ್ಪಣ್ಣನನ್ನು ಆಮೇಲೆ ವಿಚಾರಿಸಿದೆ. ಆ ಗೋಡೆಗೆ ಅವರು ವಯರು ಎಳೆದದ್ದೇ ಇಲ್ಲವಂತೆ.