ಭಾನುವಾರದ ಮಾತಿನ ಲೆಕ್ಕ

"ಒಬ್ಬರೇನಾ?"

ಬಾಗಿಲಲ್ಲಿ ನಿಂತಿದ್ದವನ ಮೊಣಕೈವರೆಗೂ ಹಿಟ್ಟು ಮೆತ್ತಿತ್ತು. ಅವನು ಕೇಳಿದ್ದು ಸಹಜವಾಗಿಯೇ. ಆದರೂ ಆ ಒಂದು ಪದ ಮುಖಕ್ಕೆ ತಣ್ಣೀರು ಎರಚಿದಂತೆ ಅವಳನ್ನು ತಾಕಿತು.

"ಹೌದು... ಒಬ್ಬಳೇ."

"ಬನ್ನಿ, ಕಿಟಕಿ ಪಕ್ಕ ಜಾಗ ಇದೆ. ಈ ಕುರ್ಚಿ ಸ್ವಲ್ಪ ಕುಂಟುತ್ತೆ, ಹುಷಾರು. ಎದುರಿಂದು ಗಟ್ಟಿ ಇದೆ, ಆದ್ರೆ ಅಲ್ಲಿ ಬಿಸಿಲು."

ಅವಳು ಕುಂಟುವ ಕುರ್ಚಿಯನ್ನೇ ಆರಿಸಿಕೊಂಡಳು.

ಮನೆಯವರೆಲ್ಲ ಅವಳನ್ನು ಪುಟ್ಟಿ ಎಂದು ಕರೆಯುತ್ತಿದ್ದರು. ಈ ನಗರದಲ್ಲಿ ಹಾಗೆ ಕರೆಯುವವರು ಯಾರೂ ಇರಲಿಲ್ಲ. ನೀರು ಪರೀಕ್ಷಿಸುವ ಪ್ರಯೋಗಾಲಯದಲ್ಲಿ ಕೆಲಸಕ್ಕೆ ಸೇರಿ ಎಂಟು ತಿಂಗಳಾಗಿತ್ತು. ವಾರದ ಐದು ದಿನ ಹೇಗೋ ಸಾಗುತ್ತಿತ್ತು. ಉಳಿದೆರಡು ದಿನಗಳನ್ನು ಅವಳು ಎಣಿಸುತ್ತಿದ್ದಳು.

ನಿಜವಾಗಿಯೂ ಎಣಿಸುತ್ತಿದ್ದಳು. ಅಳೆಯದೇ ಇದ್ದುದನ್ನು ನಂಬಬಾರದೆಂಬುದು ಅವಳ ವಿದ್ಯೆಯ ಪಾಠ. ಹಾಗಾಗಿ ಶನಿವಾರ, ಭಾನುವಾರ ತಾನು ಬಾಯಿಬಿಟ್ಟು ಆಡಿದ ಮಾತುಗಳ ಸಂಖ್ಯೆಯನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದಳು. ಆ ವಾರದ ಪುಟದಲ್ಲಿ 'ಶನಿವಾರ: ನಾಲ್ಕು ಮಾತು' ಎಂದಿತ್ತು. ನಾಲ್ಕೂ ತರಕಾರಿ ಅಂಗಡಿಯವನಿಗೆ ಆಡಿದ್ದು.

ಸೋಮವಾರ ಸಹೋದ್ಯೋಗಿಗಳು 'ರಜೆಯಲ್ಲಿ ಎಲ್ಲಿಗೆ ಹೋಗಿದ್ರಿ' ಎಂದು ಕೇಳುವಾಗ ಹೇಳಲೊಂದು ಉತ್ತರವಿರಲಿ ಎಂದೇ ಅವಳು ಇಲ್ಲಿಗೆ ಬಂದಿದ್ದಳು. ಹೊರಗಿನ ಫಲಕದಲ್ಲಿ 'ವಾರಾಂತ್ಯದ ಬ್ರಂಚ್, ಹನ್ನೊಂದರಿಂದ ಮೂರು, ಒಂದೇ ದರ, ಎಷ್ಟು ಸಲವಾದರೂ ಬಡಿಸಿಕೊಳ್ಳಿ' ಎಂದು ಬರೆದಿತ್ತು.

ಒಳಗೆ ಗಾರೆ ಮೆತ್ತದ ಇಟ್ಟಿಗೆ ಗೋಡೆಗಳು, ಒಂದಕ್ಕೊಂದು ಹೊಂದದ ತಟ್ಟೆಗಳು. ಹಳೆಯ ಬಾಗಿಲುಗಳನ್ನು ಮಲಗಿಸಿ ಟೇಬಲ್ಲುಗಳನ್ನು ಮಾಡಿದ್ದರು. ಅವಳ ಟೇಬಲ್ಲಿನಲ್ಲಿ ಬೀಗದ ತೂತು ಇನ್ನೂ ಹಾಗೇ ಇತ್ತು. ಬಗ್ಗಿ ನೋಡಿದರೆ ಅದರೊಳಗಿಂದ ತನ್ನದೇ ಚಪ್ಪಲಿ ಕಾಣುತ್ತಿತ್ತು.

ಒಂಟಿಯಾಗಿ ಉಣ್ಣುವವರಿಗೆ ಇಂಥಲ್ಲಿ ಇನ್ನೊಂದು ಕಷ್ಟ. ಬಡಿಸಿಕೊಳ್ಳಲು ಎದ್ದುಹೋದರೆ ಜಾಗ ಕಾಯುವವರಿಲ್ಲ. ಪುಟ್ಟಿ ನೋಟ್‌ಬುಕ್ಕನ್ನು ಟೇಬಲ್ಲಿನ ಮೇಲಿಟ್ಟು ಹೋಗಿಬರುತ್ತಿದ್ದಳು. ಕುಳಿತಿರುವಾಗ ಏನಾದರೂ ಬರೆಯುತ್ತಿದ್ದಳು. ಕೈಯಲ್ಲಿ ಪೆನ್ನಿದ್ದರೆ ಒಂಟಿತನಕ್ಕೂ ಒಂದು ಕೆಲಸವಿದ್ದಂತೆ ಕಾಣುತ್ತದೆ.

ಸಂಜೆ ಅತ್ತಿಗೆಯ ಫೋನು ಬಂತು.

"ಊಟ ಯಾರ ಜೊತೆ ಮಾಡಿದೆ ಪುಟ್ಟಿ?"

"ಫ್ರೆಂಡ್ಸ್ ಜೊತೆ ಅತ್ತಿಗೆ. ನಾಲ್ಕು ಜನ ಹೋಗಿದ್ವಿ."

"ಒಂದು ಫೋಟೋನಾದ್ರೂ ಕಳಿಸೇ. ಎಲ್ಲಾ ದೆವ್ವಗಳಾ, ಫೋಟೋದಲ್ಲಿ ಬೀಳದೇ ಇರೋಕೆ?"

ಪುಟ್ಟಿ ನಕ್ಕಳು. ಫೋನಿನ ಮಾತುಗಳನ್ನು ಅವಳು ಲೆಕ್ಕಕ್ಕೆ ಸೇರಿಸುತ್ತಿರಲಿಲ್ಲ. ಅವುಗಳಲ್ಲಿ ಅರ್ಧ ಸುಳ್ಳಾಗಿರುತ್ತಿದ್ದವು.

ಎರಡನೆಯ ಭಾನುವಾರದಿಂದ ಹಿಟ್ಟಿನ ಕೈಯವನು ಅವಳ ಟೇಬಲ್ಲಿನ ಬಳಿ ಬರತೊಡಗಿದ. ಅಲ್ಲಿಯ ಬಾಣಸಿಗ ಅವನೇ. ಹೋಟೆಲು ಅವನ ಅಕ್ಕನದು. ಆಕೆ ಗಲ್ಲಾದ ಹಿಂದೆ ಕುಳಿತು ಇಡೀ ಊಟದ ಕೋಣೆಯ ಮೇಲೆ ಕಣ್ಣಿಟ್ಟಿರುತ್ತಿದ್ದಳು.

"ಸೂಪಿಗೆ ಉಪ್ಪು ಸರಿ ಇದೆಯಾ?"

"ಇದೆ."

"ಬ್ರೆಡ್ಡಿನ ಅಂಚು ಇಷ್ಟಾನಾ, ನಡುವಿಂದು ಇಷ್ಟಾನಾ?"

"ಅಂಚು."

"ಯಾಕೆ?"

"ಅಗಿಯೋಕೆ ಹೊತ್ತು ಹಿಡಿಯುತ್ತೆ."

"ಹೊತ್ತು ಕಳೀಬೇಕಾ ನಿಮಗೆ?"

ಅವಳು ಅಂಚಿನ ಇನ್ನೊಂದು ತುಂಡು ಬಾಯಿಗಿಟ್ಟಳು. ಅಂದು ನೋಟ್‌ಬುಕ್ಕಿನಲ್ಲಿ ಹದಿನಾಲ್ಕು ಎಂದು ಬರೆದಳು. ಮುಂದಿನ ವಾರ ಮೂವತ್ತೊಂದು. ಐದನೆಯ ವಾರ ಸುಟ್ಟ ಆಲೂಗಡ್ಡೆಯ ಬಗ್ಗೆ ಇಬ್ಬರೂ ವಾದಕ್ಕಿಳಿದಾಗ ಲೆಕ್ಕ ತಪ್ಪಿಯೇ ಹೋಯಿತು. ಅವಳು ಬುಧವಾರದಿಂದಲೇ ಭಾನುವಾರಕ್ಕೆ ಅಂಗಿ ಇಸ್ತ್ರಿ ಮಾಡಿಡತೊಡಗಿದಳು. ಈ ಊರಿನಲ್ಲಿ ಒಬ್ಬನಾದರೂ ನನ್ನನ್ನು ನನಗಾಗಿ ಮಾತನಾಡಿಸುತ್ತಾನಲ್ಲ... ಆ ಒಂದು ನಂಬಿಕೆ ಅವಳ ವಾರವನ್ನು ಎತ್ತಿ ಹಿಡಿದಿತ್ತು.

ಆರನೆಯ ಭಾನುವಾರ ಅವಳು ಬಟ್ಟಲು ಹಿಡಿದು ಸೂಪಿನ ಪಾತ್ರೆಯ ಬಳಿ ನಿಂತಿದ್ದಳು. ಅಡುಗೆಮನೆಯ ಅರ್ಧಬಾಗಿಲಿನಾಚೆ ಅಕ್ಕನ ದನಿ ಕೇಳಿಸಿತು.

"ಫುಡ್ ಇನ್‌ಸ್ಪೆಕ್ಟರಮ್ಮ ಬಂದಿದ್ದಾಳೆ ಕಣೋ. ಬರೀತಾನೇ ಇದ್ದಾಳೆ ಮಹಾರಾಯ್ತಿ. ಅವಳೊಂದು ಗೀಟು ಎಳೆದ್ರೆ ನಮ್ಮ ಅಡುಗೆಮನೆಗೆ ಬೀಗ. ಹೋಗಿ ಸ್ವಲ್ಪ ನಗ್ತಾ ಮಾತಾಡ್ಸು."

"ಹೋಗ್ತೀನಿ ಅಕ್ಕ."

"ಹೋದ ವಾರಕ್ಕಿಂತ ಚೆನ್ನಾಗಿ ನಗು."

"ಆಯ್ತು ಬಿಡು, ಹಲ್ಲೆಲ್ಲಾ ತೋರಿಸ್ತೀನಿ."

ಸೌಟು ತಾನಾಗಿಯೇ ಪಾತ್ರೆಗೆ ಜಾರಿತು. ಹಾಗಾದರೆ ಆ ಪ್ರಶ್ನೆಗಳು... ಆ ಬ್ರೆಡ್ಡಿನ ಅಂಚು... ಎಲ್ಲವೂ ಒಬ್ಬ ಅಧಿಕಾರಿಗೆ ಸಂದ ಉಪಚಾರ.

ಅವನು ನಗುತ್ತಲೇ ಬಂದ. ಅವಳು ಚೀಲ ಹೆಗಲಿಗೇರಿಸಿಯಾಗಿತ್ತು.

"ನಾನು ಇನ್‌ಸ್ಪೆಕ್ಟರ್ ಅಲ್ಲ," ಎಂದಳು. "ಲ್ಯಾಬಲ್ಲಿ ನೀರು ಪರೀಕ್ಷೆ ಮಾಡ್ತೀನಿ. ನನ್ನಿಂದ ನಿಮ್ಮ ಅಡುಗೆಮನೆಗೆ ಏನೂ ಆಗಲ್ಲ. ಇನ್ನು ನಗೋ ಕಷ್ಟ ಬೇಡ."

"ಒಂದು ನಿಮಿಷ, ಕೇಳಿ..."

ಒಳಗಿನಿಂದ ಏನೋ ಸೀದ ವಾಸನೆ ಬಂತು. ಅಕ್ಕ ಕೂಗಿದಳು. ಅವನು ತಿರುಗಿ ನೋಡುವಷ್ಟರಲ್ಲಿ ಪುಟ್ಟಿ ಬೀದಿಗೆ ಇಳಿದಾಗಿತ್ತು.

ಮುಂದಿನ ಎರಡು ಭಾನುವಾರ ಅವಳು ಬಾಡಿಗೆಯ ಕೋಣೆಯಲ್ಲೇ ಕಳೆದಳು. ಒಗೆದ ಬಟ್ಟೆಯನ್ನೇ ಇನ್ನೊಮ್ಮೆ ಒಗೆದಳು. ಮೇಲಿನ ಮನೆಯವರು ಊಟಕ್ಕೆ ಕುರ್ಚಿ ಎಳೆಯುವ ಸದ್ದನ್ನು ಕೇಳಿಸಿಕೊಂಡಳು. ಐದು ಕುರ್ಚಿಗಳು. ನೋಟ್‌ಬುಕ್ಕಿನಲ್ಲಿ ಎರಡು ಸೊನ್ನೆಗಳು ಒಂದರ ಕೆಳಗೊಂದು ನೆಟ್ಟಗೆ ನಿಂತವು.

"ಇವತ್ತು ಫ್ರೆಂಡ್ಸೆಲ್ಲಾ ಎಲ್ಲಿ ಪುಟ್ಟಿ?" ಅತ್ತಿಗೆ ಕೇಳಿದಳು.

"ಯಾರೂ ಇಲ್ಲ ಅತ್ತಿಗೆ. ಯಾವತ್ತೂ ಇರಲಿಲ್ಲ."

ಆ ಕಡೆ ಬಾಗಿಲು ಮುಚ್ಚಿಕೊಂಡ ಸದ್ದಾಯಿತು.

"ಗೊತ್ತಿತ್ತು ಕಂದಾ. ನೀನಾಗೇ ಹೇಳ್ಲಿ ಅಂತ ಕಾಯ್ತಿದ್ದೆ."

ಅಂದು ಪುಟ್ಟಿ ಅತ್ತಳು. ಈ ನಗರಕ್ಕೆ ಬಂದ ಮೇಲೆ ಮೊದಲ ಬಾರಿಗೆ, ಇನ್ನೊಬ್ಬರಿಗೆ ಕೇಳಿಸುವಂತೆ.

ಮಂಗಳವಾರ ಪ್ರಯೋಗಾಲಯದ ಕಿಟಕಿಯಲ್ಲಿ ಯಾರೋ ನೀರು ತುಂಬಿದ ಜೇನಿನ ಬಾಟಲಿಯೊಂದನ್ನು ಒಳಗೆ ತಳ್ಳಿದರು.

"ಇದನ್ನ ಪರೀಕ್ಷೆ ಮಾಡ್ಬೇಕಿತ್ತು."

"ಜೇನಿನ ಬಾಟಲಿ ನಡೆಯಲ್ಲ," ಎಂದಳು ಪುಟ್ಟಿ, ರಿಜಿಸ್ಟರಿನಿಂದ ಕಣ್ಣೆತ್ತದೆ. "ಶುದ್ಧ ಮಾಡಿದ ಬಾಟಲಿ ನಾವೇ ಕೊಡ್ತೀವಿ. ನೀರು ತುಂಬಿಸಿದ ಆರು ಗಂಟೆಯೊಳಗೆ ತರಬೇಕು."

"ಹಾಗೇ ಅಂದ್ರು. ಊರಲ್ಲಿ ಇಂಥಾ ಲ್ಯಾಬ್ ಮೂರಿದೆಯಂತೆ. ಎರಡರಲ್ಲಿ ಆಗ್ಲೇ ಬೈಸ್ಕೊಂಡು ಬಂದೆ."

ಅವಳು ತಲೆಯೆತ್ತಿದಳು. ಹಿಟ್ಟಿಲ್ಲದ ಕೈಗಳಲ್ಲಿ ಅವನು ಬೇರೆಯೇ ಯಾರೋ ಎಂಬಂತೆ ಕಂಡ.

"ನೀವು ಇನ್‌ಸ್ಪೆಕ್ಟರ್ ಅಲ್ಲ ಅಂತ ನನಗೆ ಎರಡನೇ ಭಾನುವಾರವೇ ಗೊತ್ತಾಗಿತ್ತು," ಎಂದ.

ಪೆನ್ನು ನಿಂತಿತು.

"ನೀವು ಹಣ್ಣು ತರೋಕೆ ಹೋಗಿದ್ರಿ. ತಟ್ಟೆ ತೆಗೆಯೋಕೆ ಬಂದೆ. ಪುಸ್ತಕ ತೆರೆದಿತ್ತು. ಓದಬಾರದಿತ್ತು... ಓದ್ಬಿಟ್ಟೆ. ಶನಿವಾರ ನಾಲ್ಕು ಮಾತು ಅಂತಿತ್ತು."

ಅವಳ ಕಿವಿಗಳು ಕಾದವು. "ಅದಕ್ಕೇ ಅಷ್ಟೊಂದು ಪ್ರಶ್ನೆನಾ?"

"ಸಂಖ್ಯೆ ಸ್ವಲ್ಪ ಏರಲಿ ಅಂತ."

"ಅಂದ್ರೆ ಕನಿಕರ."

"ಮೊದಲನೇ ದಿನ ಕನಿಕರವೇ. ಸುಳ್ಳು ಹೇಳಲ್ಲ. ಆದ್ರೆ ಅಂಚು ಅಗಿಯೋಕೆ ಹೊತ್ತು ಹಿಡಿಯುತ್ತೆ ಅಂದ್ರಲ್ಲ, ಆವತ್ತಿಂದ ಭಾನುವಾರ ಯಾವಾಗ ಬರುತ್ತೋ ಅಂತ ಕಾಯೋನು ನಾನೇ."

"ಮತ್ತೆ ನಿಮ್ಮಕ್ಕನಿಗೆ ನಿಜ ಯಾಕೆ ಹೇಳಲಿಲ್ಲ?"

"ಹೇಳಿದ್ರೆ ಮುಗೀತಲ್ಲ. ಅರವತ್ತು ಜನ ತಟ್ಟೆ ಹಿಡ್ಕೊಂಡು ನಿಂತಿರೋವಾಗ, ಒಲೆ ಬಿಟ್ಟು ಹೋಗಿ ಮಾತಾಡ್ಕೊಂಡು ಬಾ ಅಂತ ಯಾವ ಅಕ್ಕ ಕಳಿಸ್ತಾಳೆ? ಇನ್‌ಸ್ಪೆಕ್ಟರ್ ಅಂದ್ರೆ ಮಾತ್ರ ಕಳಿಸ್ತಾಳೆ."

ಪುಟ್ಟಿಗೆ ನಗು ಬಂತೋ ಅಳು ಬಂತೋ ತಿಳಿಯಲಿಲ್ಲ. ಸಾಲಿನಲ್ಲಿದ್ದ ಹಿರಿಯರೊಬ್ಬರು ಕೆಮ್ಮಿದರು.

"ತಾಯಿ, ನಿಮ್ಮ ಮಾತು ಮುಗಿಯೋಷ್ಟರಲ್ಲಿ ನನ್ನ ಬಾಟಲಿ ನೀರು ಆವಿಯಾಗುತ್ತೆ."

ಅವಳು ಒಂದು ಶುದ್ಧ ಬಾಟಲಿಯನ್ನು ಕಿಟಕಿಯಾಚೆಗೆ ಚಾಚಿದಳು. ಬಿಡದೆ ಹಿಡಿದುಕೊಂಡೇ ಕೇಳಿದಳು:

"ಭಾನುವಾರ ನೀವು ಯಾವಾಗ ಊಟ ಮಾಡ್ತೀರಿ?"

"ನಾಲ್ಕಕ್ಕೆ. ಎಲ್ಲರೂ ಹೋದ ಮೇಲೆ. ನಿಂತ್ಕೊಂಡು, ಬಾಣಲೆಯಿಂದಲೇ."

"ಯಾರ ಜೊತೆ?"

ಅವನು ಜೇನಿನ ಬಾಟಲಿಯ ಮುಚ್ಚಳವನ್ನು ತಿರುಗಿಸತೊಡಗಿದ. ಆ ಒಂಟಿ ಊಟದ ಅಳತೆ ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಭಾನುವಾರ ನಾಲ್ಕು ಗಂಟೆಗೆ ಹೋಟೆಲಿನ ಬಾಗಿಲು ಅರ್ಧ ಮುಚ್ಚಿತ್ತು.

"ಮೂರಕ್ಕೇ ಮುಗೀತಮ್ಮ," ಎಂದ ಅಕ್ಕ, ಮುಖ ನೋಡಿ ಕನ್ನಡಕ ಸರಿಮಾಡಿಕೊಂಡಳು. "ಓಹೋ, ನೀನಾ? ಒಳಗೆ ಹೋಗು. ಮೂರು ವಾರದಿಂದ ನನ್ನ ತಮ್ಮ ಬ್ರೆಡ್ಡೆಲ್ಲಾ ಕರಕಲು ಮಾಡ್ತಿದ್ದಾನೆ. ಇನ್‌ಸ್ಪೆಕ್ಟರ್ ಬಂದಿದ್ರೂ ಇಷ್ಟು ನಷ್ಟ ಆಗ್ತಿರಲಿಲ್ಲ."

ಅಡುಗೆಮನೆಯಲ್ಲಿ ಅವನು ಬಾಣಲೆ ಹಿಡಿದು ನಿಂತೇ ಇದ್ದ. ಪುಟ್ಟಿ ಹಣ್ಣಿನ ಎರಡು ಖಾಲಿ ಪೆಟ್ಟಿಗೆಗಳನ್ನು ಎದುರುಬದುರು ಮಗುಚಿ ಹಾಕಿ, ಒಂದರ ಮೇಲೆ ಕುಳಿತಳು.

"ಏನು ಬಡಿಸ್ಲಿ?"

"ಮೊದಲು ನೀವು ಕೂತ್ಕೊಳ್ಳಿ."

"ಕೂತು ತಿಂದು ಅಭ್ಯಾಸ ಇಲ್ಲ."

"ನನಗೂ ಎದುರಿಗೊಬ್ಬರಿದ್ದು ಅಭ್ಯಾಸ ಇಲ್ಲ."

ಅವನು ಕುಳಿತ. ಚಮಚದಿಂದ ಬಾಣಲೆಯ ನಡುವೆ ಗೆರೆ ಎಳೆದು ದೊಡ್ಡ ಪಾಲನ್ನು ಅವಳ ಕಡೆಗೆ ತಿರುಗಿಸಿದ. ಇಬ್ಬರೂ ತಿನ್ನತೊಡಗಿದರು.

"ನನ್ನ ಮನಸ್ಸಲ್ಲಿ ಏನಿದೆ ಅಂತ ಬಾಯಿಬಿಟ್ಟು ಹೇಳ್ಬೇಕಾ? ಅರ್ಥ ಆಗಿರುತ್ತಲ್ಲ?" ಎಂದ ಅವನು.

"ಆಗಿದೆ. ಆದ್ರೂ ಹೇಳಿ."

ಹೇಳಿದ. ಮೆಲ್ಲಗೆ, ತಲೆ ತಗ್ಗಿಸಿಕೊಂಡು.

ಅವಳ ಕಣ್ಣು ತುಂಬಿತು. ಚಮಚವನ್ನು ಕೆಳಗಿಟ್ಟಳು.

"ಇನ್ನೊಂದು ಸಲ ಹೇಳಿ," ಎಂದಳು. "ಬಾಣಲೆಗಲ್ಲ. ನನಗೆ."